ಫುಟ್‌ಪಾತ್ ಕಡೆಯ ಚಕ್ರ

ಬಿಡಿಭಾಗದ ಅಂಗಡಿಯ ಪಾರ್ಟ್ಸ್ ಮಾಮ ಗ್ಯಾರೇಜಿಗೆ ತಂದುಕೊಟ್ಟ ಕನ್ನಡಿ ಎಡಗಡೆಯದಾಗಿತ್ತು. ಟ್ಯಾಕ್ಸಿಯಲ್ಲಿ ಒಡೆದಿದ್ದದ್ದು ಬಲಗಡೆಯದು.

"ಮಾಮ, ಇದು ತಪ್ಪು ಬಂದಿದೆ," ಎಂದಳು ಸಣ್ಣಿ, ರಟ್ಟಿನ ಪೆಟ್ಟಿಗೆಯನ್ನು ಟ್ಯಾಕ್ಸಿಯ ಬಾನೆಟ್ ಮೇಲಿಟ್ಟು. "ನಾನು ಹೇಳಿದ್ದು ಡ್ರೈವರ್ ಕಡೇದು."

"ನೀನು ಹೇಳಿದ್ದು ನಿಯರ್‌ಸೈಡು ಕಣಮ್ಮ. ಫೋನ್ ಎತ್ತಿದ್ದು ನಾನೇ. ಏನು ಠೀವಿ! ನಿಯರ್‌ಸೈಡ್ ಕನ್ನಡಿ ಒಂದು ಕಳಿಸಿ ಅಂದೆ. ಅಂಗಡೀಲಿ ಎಲ್ಲರೂ, ಪರವಾಗಿಲ್ಲ, ಹುಡುಗಿ ಭಾವನ ಹಾಗೇ ಮಾತಾಡ್ತಾಳೆ ಅಂದ್ಕೊಂಡ್ವಿ."

"ಅದೇ ಮತ್ತೆ. ನಿಯರ್ ಅಂದ್ರೆ ಹತ್ತಿರ. ಡ್ರೈವರಿಗೆ ಹತ್ತಿರ ಇರೋದು."

ಮಾಮ ಹೊಟ್ಟೆ ಕುಣಿಸಿ ನಕ್ಕರು. "ಡ್ರೈವರಿಗಲ್ಲ ತಾಯಿ, ಫುಟ್‌ಪಾತಿಗೆ ಹತ್ತಿರ. ಗಾಡಿ ರಸ್ತೆ ಬದೀಲಿ ನಿಲ್ಸಿದಾಗ ಯಾವ ಕಡೆ ಫುಟ್‌ಪಾತಿಗೆ ಆತ್ಕೊಳ್ಳುತ್ತೋ ಅದು ನಿಯರ್‌ಸೈಡು. ಡ್ರೈವರ್ ಕೂತಿರ್ತಾನಲ್ಲ, ಅದು ಆಫ್‌ಸೈಡು. ಇಂಗ್ಲಿಷಿನವರ ಲೆಕ್ಕ, ಕುದುರೆ ಗಾಡಿ ಕಾಲದ್ದಂತೆ. ನೀನೊಬ್ಬಳೇ ಅಲ್ಲ ಬಿಡು, ಉಲ್ಟಾ ತಗೊಂಡು ಹೋಗಿ ವಾಪಸ್ ತರೋರು ಬೇಕಾದಷ್ಟು ಜನ. ಮೊನ್ನೆ ಒಬ್ಬ ಬಾಗಿಲನ್ನೇ..."

ಸಣ್ಣಿಗೆ ಮುಂದಿನ ಮಾತು ಕೇಳಿಸಲಿಲ್ಲ. ಕೈ ಪೆಟ್ಟಿಗೆಯ ಮೇಲೆ ಹಾಗೆಯೇ ನಿಂತಿತು. ಕಣ್ಣು ಗ್ಯಾರೇಜಿನ ಮೂಲೆಯಲ್ಲಿ ಖಾಲಿ ಬಿದ್ದಿದ್ದ ಜಾಗಕ್ಕೆ ಹೋಯಿತು. ಬೆಳಿಗ್ಗೆ ಅಲ್ಲಿ ನರ್ಸಕ್ಕನ ನೀಲಿ ಕಾರು ನಿಂತಿತ್ತು.

ಸಣ್ಣಿ ಎನ್ನುವುದು ಅವಳ ಹೆಸರಲ್ಲ. ಕಿರಿ ಸೊಸೆಯಾಗಿ ಬಂದವಳೆಂದು ಅತ್ತೆ ಹಾಗೆ ಕರೆದರು, ಅದೇ ಅಂಟಿಕೊಂಡಿತು. ಗ್ಯಾರೇಜು ಮಾವನವರು ಕಟ್ಟಿದ್ದು. ಅವರು ಹೋದ ಮೇಲೆ ಗಂಡನ ಅಣ್ಣ, ಅಂದರೆ ಅವಳ ಭಾವ, ನಡೆಸುತ್ತಿದ್ದರು. ಗಂಡನಿಗೆ ಗ್ರೀಸಿನ ವಾಸನೆಯೇ ಆಗದು. ಅವನು ಅಚ್ಚಿನ ಮನೆಯೊಂದರಲ್ಲಿ ಕೆಲಸ ಹಿಡಿದಿದ್ದ. ಸಣ್ಣಿಗೆ ಆ ವಾಸನೆ ಹಿಡಿಸಿತು. ಮೊದಮೊದಲು ಫೋನ್ ಎತ್ತುತ್ತ ಕೂತಿದ್ದವಳು ಪಂಕ್ಚರ್ ಹಾಕಲು ಕಲಿತಳು, ಎಣ್ಣೆ ಬದಲಿಸಲು ಕಲಿತಳು, ಈಚೆಗೆ ಬ್ರೇಕಿನ ಕೆಲಸಕ್ಕೂ ಭಾವನ ಪಕ್ಕ ನಿಲ್ಲುತ್ತಿದ್ದಳು. ಅವಳ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವರು ಅತ್ತೆಯೇ. "ಕೂತಲ್ಲೇ ಬೇರು ಬಿಡ್ತೀಯ, ಏಳು," ಎಂದಿದ್ದರು.

ಭಾವ ಕಸಬು ಕಲಿತದ್ದು ಹೊರದೇಶದಲ್ಲಿ, ಒಬ್ಬ ಇಂಗ್ಲಿಷ್ ಮೇಸ್ತ್ರಿಯ ಕೈಕೆಳಗೆ. ಎಡ, ಬಲ ಎನ್ನುವ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ನಿಯರ್‌ಸೈಡ್, ಆಫ್‌ಸೈಡ್, ಅಷ್ಟೇ. ಎರಡನೇ ಸಲ ಕೇಳಿದರೆ ಸಿಡುಕುವ ಮನುಷ್ಯ. ಆದರೆ ಮಾತಾಡುವಾಗ ಗದ್ದವನ್ನು ಆಯಾ ಕಡೆಗೆ ಎತ್ತಿ ತೋರಿಸುವ ಅಭ್ಯಾಸ ಅವರಿಗಿತ್ತು. ಸಣ್ಣಿ ಇಷ್ಟು ದಿನ ಆ ಗದ್ದವನ್ನು ನೋಡಿಯೇ ಕೆಲಸ ಮಾಡಿದ್ದಳು, ಹಾಗಾಗಿ ಎಡವಿರಲಿಲ್ಲ. ಪದಗಳ ಅರ್ಥ ತನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು. ಆಫ್‌ಸೈಡ್ ಎಂದರೆ ಫುಟ್‌ಬಾಲಿನಲ್ಲಿ ಆಚೆ ದಾಟಿದವನು, ಅಂದ ಮೇಲೆ ಆಚೆ ಕಡೆ. ನಿಯರ್ ಎಂದರೆ ಈಚೆ, ಸ್ಟೀರಿಂಗ್ ಇರುವ ಕಡೆ. ಇದರಲ್ಲಿ ಕೇಳುವುದೇನಿದೆ?

ಇವತ್ತು ಬೆಳಿಗ್ಗೆ ಗದ್ದ ಕಾಣಿಸಿರಲಿಲ್ಲ. ನರ್ಸಕ್ಕನ ಕಾರಿಗೆ ಮುಂದಿನ ಬ್ರೇಕ್ ಪ್ಯಾಡು ಬದಲಿಸಿ, ಎರಡೂ ಚಕ್ರ ಮತ್ತೆ ಕೂರಿಸುವ ಹೊತ್ತಿಗೆ ಸೇತುವೆ ಮೇಲೆ ಲಾರಿಯೊಂದು ಕೆಟ್ಟು ನಿಂತಿದೆ ಎಂದು ಫೋನ್ ಬಂತು. ಭಾವ ಕೈ ಒರೆಸಿಕೊಳ್ಳುತ್ತಲೇ ಟೋಯಿಂಗ್ ಲಾರಿ ಹತ್ತಿದರು. ಎಂಜಿನ್ನಿನ ಗದ್ದಲದ ನಡುವೆ ಒಳಗಿನಿಂದಲೇ ಕೂಗಿದರು: "ನಿಯರ್‌ಸೈಡ್ ಮುಂದಿನ ಚಕ್ರ ಬಿಗಿ ಮಾಡಿಲ್ಲಮ್ಮ, ಬರೀ ಬೆರಳಲ್ಲಿ ತಿರುಗಿಸಿಟ್ಟಿದೀನಿ. ಜಾಕ್ ಇಳಿಸಿ ಬಿಗಿ ಮಾಡಿ ಗಾಡಿ ಕೊಟ್ಬಿಡು."

"ಆಯ್ತು ಭಾವ!"

ಜಾಕ್ ಇಳಿಸಿ, ಟಾರ್ಕ್ ರೆಂಚ್ ತೆಗೆದುಕೊಂಡು ಡ್ರೈವರ್ ಕಡೆಯ ಚಕ್ರದ ಮುಂದೆ ಕೂತಿದ್ದಳು. ನಟ್ಟು ಸಾಕಷ್ಟು ಬಿಗಿಯಾದಾಗ ಆ ರೆಂಚು ಟಕ್ ಎನ್ನುತ್ತದೆ. ಮೊದಲ ನಟ್ಟಿಗೆ ಹಾಕಿದ ಕೂಡಲೇ ಟಕ್ ಅಂದಿತು. ಎಲ್ಲ ನಟ್ಟೂ ಹಾಗೇ. ಭಾವನೇ ಬಿಗಿ ಮಾಡಿ ಮರೆತಿದ್ದಾರೆ ಎಂದುಕೊಂಡಳು. ಅವರೂ ಮರೆಯುತ್ತಾರಲ್ಲ ಎಂದು ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು. ನರ್ಸಕ್ಕ ಕೈಚೀಲ ಹೆಗಲಿಗೇರಿಸಿ ಕಾಯುತ್ತ ನಿಂತಿದ್ದರು. ಮನೆ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ಕೆಲಸ ಅವರದು.

"ಆಯ್ತಾ ಸಣ್ಣಿ? ಊರಲ್ಲಿ ಎಲ್ಲ ಮುಗಿಸಿ ಕಲ್ಲು ಕ್ವಾರಿಗೆ ಬೇರೆ ಹತ್ತಬೇಕು. ಆ ಇಳಿಜಾರಿಗೆ ಹೆದರಿಯೇ ಬ್ರೇಕ್ ಮಾಡಿಸಿದ್ದು ನಾನು."

"ಎಲ್ಲ ಸರಿ ಇದೆ ಅಕ್ಕ. ಧೈರ್ಯವಾಗಿ ಹೋಗಿ."

ಧೈರ್ಯವಾಗಿ ಹೋಗಿ ಎಂದಿದ್ದಳು. ಈಗ ಪೆಟ್ಟಿಗೆಯನ್ನು ಬಾನೆಟ್ ಮೇಲೇ ಬಿಟ್ಟು ಫೋನಿಗೆ ತಡಕಾಡಿದಳು.

"ಏನಾಯ್ತೇ? ಮುಖ ಯಾಕೆ ಹಂಗಾಯ್ತು?" ಎಂದರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ.

"ಅತ್ತೆ, ನರ್ಸಕ್ಕನ ಚಕ್ರ... ನಾನು ಬಿಗಿ ಮಾಡಿಲ್ಲ. ಬೇರೆ ಚಕ್ರ ನೋಡಿ ಕಳಿಸ್ಬಿಟ್ಟೆ."

ನರ್ಸಕ್ಕನಿಗೆ ಫೋನ್ ಹಚ್ಚಿದಳು. ಗಂಟೆ ಬಡಿದೂ ಬಡಿದೂ ನಿಂತಿತು. ಮತ್ತೆ ಹಚ್ಚಿದಳು. ರೋಗಿಗಳ ಮನೆಯಲ್ಲಿರುವಾಗ ನರ್ಸಕ್ಕ ಫೋನಿನ ಸದ್ದು ಅಡಗಿಸಿ ಚೀಲದಲ್ಲಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ಸಲ, ಇನ್ನೊಂದು ಸಲ. ಆಮೇಲೆ ಭಾವನಿಗೆ.

"ಭಾವ, ನೀವು ಹೇಳಿದ ಚಕ್ರ ಫುಟ್‌ಪಾತ್ ಕಡೇದಾ?"

"ನಿಯರ್‌ಸೈಡ್ ಅಂದೆನಲ್ಲ."

"ಫುಟ್‌ಪಾತ್ ಕಡೇದಾ, ಡ್ರೈವರ್ ಕಡೇದಾ, ಅದನ್ನ ಹೇಳಿ ಭಾವ."

ಭಾವನಿಗೆ ವಿಷಯ ಹೊಳೆದಿತ್ತು. "ಗಾಡಿ ಹೋಯ್ತಾ?" ಎಂದರು.

"ಹೋಯ್ತು. ಎಷ್ಟೋ ಹೊತ್ತಾಯ್ತು."

"ನಾನು ಸೇತುವೆ ಮೇಲೆ ಸಿಕ್ಕಿಹಾಕ್ಕೊಂಡಿದೀನಿ. ಹಿಂದೂ ಇಲ್ಲ, ಮುಂದೂ ಇಲ್ಲ." ಅವರು ಉಸಿರೆಳೆದುಕೊಂಡದ್ದು ಕೇಳಿಸಿತು. "ಹುಡುಕು. ಬೈಗುಳ ಆಮೇಲೆ. ಮೊದಲು ಹುಡುಕು."

ಅಷ್ಟರಲ್ಲಿ ಅತ್ತೆ ಗ್ಯಾರೇಜಿನ ಫೋನಿನಲ್ಲಿ ನರ್ಸಕ್ಕನ ಆಸ್ಪತ್ರೆಯನ್ನು ಹಿಡಿದಿದ್ದರು. ರೋಗಿಗಳ ವಿಳಾಸ ಹೊರಗಿನವರಿಗೆ ಕೊಡುವ ಹಾಗಿಲ್ಲ ಎಂದು ಅಲ್ಲಿನ ಗುಮಾಸ್ತ ಹೇಳುತ್ತಿದ್ದಿರಬೇಕು. ಅತ್ತೆಯ ಧ್ವನಿ ಏರಿತು.

"ವಿಳಾಸ ನೀನೇ ಇಟ್ಕೊಳ್ಳಪ್ಪ, ಉಪ್ಪು ಹಾಕಿ ಇಟ್ಕೋ. ನಿಮ್ಮ ನರ್ಸಮ್ಮ ಯಾರ್ಯಾರ ಮನೆಗೆ ಹೋಗಬೇಕೋ ಅವರಿಗೆಲ್ಲ ನೀನೇ ಫೋನ್ ಮಾಡು. ಗಾಡಿ ಹತ್ತಬೇಡಿ, ಚಕ್ರ ಕಳಚುತ್ತೆ ಅನ್ನು. ಕಳಚುತ್ತೆ! ನಾನು ತಮಾಷೆ ಮಾಡೋ ವಯಸ್ಸಲ್ಲಿದೀನಾ?"

ಫೋನಿಟ್ಟು ಸಣ್ಣಿಯ ಕಡೆ ತಿರುಗಿದರು. "ಅವನು ಮಾಡ್ತಾನೋ ಬಿಡ್ತಾನೋ. ಗಿರಣಿ ಬೀದೀಲಿ ಒಬ್ಬ ದರ್ಜಿ ಇದಾನಲ್ಲ, ಕಾಲು ಹುಣ್ಣು. ಅವನ ಪಟ್ಟಿ ಬಿಚ್ಚದೆ ಅವಳು ಬೇರೆ ಕಡೆ ಹೋಗಲ್ಲ. ಅಲ್ಲಿಗೆ ಓಡು."

ಸಣ್ಣಿ ಜಾಕು, ರೆಂಚು, ಒಂದು ಹಿಡಿ ಬೇರೆ ನಟ್ಟು ಎಲ್ಲವನ್ನೂ ಬಾಚಿಕೊಂಡು ಮಾಮನ ವ್ಯಾನಿನ ಹತ್ತಿರ ಹೋಗಿ ನಿಂತಳು. ಮಾಮ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. "ಹತ್ತು," ಎಂದರು.

ವ್ಯಾನು ಪಾರ್ಟ್ಸ್ ಅಂಗಡಿಯದು. ಮಾಲೀಕ ಅದಕ್ಕೆ ವೇಗ ಮಿತಿಯ ಬೀಗ ಹಾಕಿಸಿದ್ದ. ಎಷ್ಟೇ ಒತ್ತಿದರೂ ಅದು ಒಂದು ಹದಕ್ಕಿಂತ ಮೇಲೆ ಓಡುತ್ತಿರಲಿಲ್ಲ. ಮಾಮ ಒತ್ತಿಯೇ ಇದ್ದರು. ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ ಹೋದ.

"ಮಾಮ, ಇನ್ನೂ ಸ್ವಲ್ಪ..."

"ಕಾಲು ನೆಲ ಮುಟ್ಟಿದೆ ಕಣಮ್ಮ. ಇನ್ನು ಕೆಳಗೆ ರಸ್ತೆನೇ ಇರೋದು."

ಸಣ್ಣಿ ರಸ್ತೆಯ ಎರಡೂ ಬದಿ ನೋಡುತ್ತ ಕೂತಳು. ಎಲ್ಲಾದರೂ ಜನ ಗುಂಪುಗೂಡಿದ್ದಾರೆಯೇ ಎಂದು ನೋಡುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಗುಂಪು ಕಂಡು ಬಾಗಿಲ ಹಿಡಿಗೆ ಕೈ ಹಾಕಿದಳು. ಅವರು ಬಸ್ಸಿಗೆ ಕಾಯುತ್ತಿದ್ದವರು. ನೀಲಿ ಬಣ್ಣದ್ದೇನು ಕಂಡರೂ ತಲೆ ಹೊರಗೆ ಹಾಕುತ್ತಿದ್ದಳು. ಎದುರಿಗೆ ಬಂದ ಪ್ರತಿಯೊಂದು ಗಾಡಿಯ ಚಕ್ರವೂ ಸ್ವಲ್ಪ ಅಲುಗಾಡುತ್ತಿರುವಂತೆ ಕಾಣುತ್ತಿತ್ತು. ಒಂದೇ ಒಂದು ಸಲ ಕಾರಿನ ಆ ಕಡೆ ಹೋಗಿ ಕೂತಿದ್ದರೆ ಸಾಕಿತ್ತು. ಎಲ್ಲ ಚಕ್ರಕ್ಕೂ ರೆಂಚು ಹಾಕಿ ನೋಡಲು ಎಷ್ಟು ಹೊತ್ತು ಬೇಕು? ಒಂದು ಲೋಟ ಟೀ ಆರುವಷ್ಟೂ ಬೇಡ.

ದರ್ಜಿಯ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕಾಲು ನೀಡಿಕೊಂಡು ಮುದುಕ ಗುಂಡಿ ಹಚ್ಚುತ್ತಿದ್ದ. ಕಾಲಿಗೆ ಹೊಸ ಬಿಳಿ ಪಟ್ಟಿ. ಅದನ್ನು ನೋಡಿದ ಕೂಡಲೇ ಸಣ್ಣಿಗೆ ತಿಳಿದುಹೋಯಿತು.

"ಬಂದು ಹೋದರಲ್ಲಮ್ಮ," ಎಂದ ಮುದುಕ. "ಆಸ್ಪತ್ರೆಯಿಂದಲೂ ಈಗ ಫೋನ್ ಬಂದಿತ್ತು. ನೀವೂ ಹುಡುಕ್ತಾ ಬಂದಿದೀರಿ. ಏನು ಸಮಾಚಾರ?"

"ಗಾಡಿ ಬಗ್ಗೆ ಏನಾದ್ರೂ ಹೇಳಿದ್ರಾ?"

"ಹ್ಞೂಂ, ಮುಂದೆ ಎಲ್ಲೋ ಟಕಟಕ ಅಂತಿದೆ ಅಂದ್ರು. ಹೊಸ ಬ್ರೇಕು ಹಾಕಿಸಿದೀನಿ, ಹೊಸ ಚಪ್ಪಲಿ ಹಾಗೆ, ಎರಡು ದಿನ ಕಚ್ಚುತ್ತೆ, ಆಮೇಲೆ ಪಳಗುತ್ತೆ ಅಂತ ನಕ್ಕರು. ಕ್ಷೌರದಂಗಡಿಯವನ ತಾಯಿಗೆ ಇಂಜೆಕ್ಷನ್ ಇದೆ ಅಂತ ಅಲ್ಲಿಗೆ ಹೋದ್ರು."

ಆಗಲೇ ಸದ್ದು ಶುರುವಾಗಿದೆ. ಸಣ್ಣಿ ಹಿಂತಿರುಗಿ ಓಡಿದಳು.

ಕ್ಷೌರದಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ತೆಗೆದು, ಇನ್ನರ್ಧ ನೊರೆಯಲ್ಲಿ ಬಿಟ್ಟು, ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದ.

"ನೀವು ಗ್ಯಾರೇಜಿನವರಾ? ಅಯ್ಯೋ, ಈಗಷ್ಟೇ ಹೋದ್ರು. ಅವರು ಮೂಲೆ ತಿರುಗಿದ್ರು, ಇತ್ತ ಆಸ್ಪತ್ರೆ ಫೋನ್ ಬಂತು. ನಾನು ರಸ್ತೆಗೆ ಓಡಿ ಕೂಗಿದೆ. ಕೇಳಿಸಲಿಲ್ಲ. ಗಾಡಿ ಅಲ್ಲೇ ನಿಲ್ಸಿದ್ರು, ಚರಂಡಿ ಪಕ್ಕ."

ಸಣ್ಣಿ ಅವನು ತೋರಿಸಿದ ಕಡೆ ಹೋಗಿ ಮಂಡಿಯೂರಿದಳು. ಚರಂಡಿಯ ಅಂಚಿನಲ್ಲಿ ತರಕಾರಿ ಸಿಪ್ಪೆ, ಕೂದಲು, ಒಂದು ಬಾಟಲಿ ಮುಚ್ಚಳ. ಅದರ ನಡುವೆ ಒಂದು ನಟ್ಟು ಬಿದ್ದಿತ್ತು. ಅವಳು ಅದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡಳು.

"ಬೇರೆ ಯಾವುದೋ ಗಾಡಿದಿರಬಹುದು," ಎಂದರು ಮಾಮ. ಅವರ ಧ್ವನಿಯಲ್ಲೂ ನಂಬಿಕೆಯಿರಲಿಲ್ಲ.

"ಇಲ್ಲ ಮಾಮ. ಬೆಳಿಗ್ಗೆ ನಾನೇ ಬ್ರಶ್ ಹಾಕಿ ತುಕ್ಕು ಉಜ್ಜಿದ್ದು. ಹೊಳೀತಿದೆ ನೋಡಿ."

ಒಂದು ಬಿದ್ದಿದೆ ಎಂದರೆ ಉಳಿದವೂ ಅದೇ ದಾರಿಯಲ್ಲಿವೆ. ನರ್ಸಕ್ಕ ಎಲ್ಲಿಗೆ ಹೋದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಊರಿನ ಮನೆಗಳು ಮುಗಿದಿದ್ದವು. ಉಳಿದದ್ದು ಕ್ವಾರಿ.

ಕ್ವಾರಿಯ ರಸ್ತೆ ಊರಾಚೆ ಗುಡ್ಡಕ್ಕೆ ಸುತ್ತಿಕೊಂಡು ಏರುತ್ತದೆ. ಏರುವಾಗ ಎಡಕ್ಕೆ ಬಂಡೆಗೋಡೆ, ಇಳಿಯುವಾಗ ಎಡಕ್ಕೆ ಆಳವಾದ ತಗ್ಗು. ಕಲ್ಲು ತುಂಬಿದ ಲಾರಿಗಳು ಎದುರಿಗೆ ಬಂದಾಗಲೆಲ್ಲ ಮಾಮ ವ್ಯಾನನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕಾಗುತ್ತಿತ್ತು. ನಿಂತಾಗಲೆಲ್ಲ ಸಣ್ಣಿ ಫೋನ್ ಹಚ್ಚುತ್ತಿದ್ದಳು. ಗುಡ್ಡದೊಳಗೆ ಸಿಗ್ನಲ್ ಇಲ್ಲದೆ ಅದೂ ಸತ್ತುಹೋಯಿತು. ಆಸ್ಪತ್ರೆಯ ಫೋನೂ ಕ್ವಾರಿಗೆ ತಲುಪಿರಲಾರದು.

"ನೀರು ಕುಡಿ," ಎಂದರು ಮಾಮ, ಬಾಟಲಿ ಚಾಚಿ.

"ಬೇಡ."

"ಹತ್ತೋವಾಗ ಏನೂ ಆಗಲ್ಲ ಕಣಮ್ಮ. ನಿಧಾನ ಇರುತ್ತೆ."

"ಇಳಿಯೋವಾಗ?"

ಮಾಮ ಬಾಟಲಿಯ ಮುಚ್ಚಳ ಹಾಕಿದರು.

ಅರ್ಧ ಗುಡ್ಡ ಏರಿದ ಮೇಲೆ, ತಿರುವಿನಿಂದ ನೀಲಿ ಕಾರು ಹೊರಬಂತು. ಇಳಿಯುತ್ತಿತ್ತು. ಸಣ್ಣಿ ಸೀಟಿನಿಂದ ಅರ್ಧ ಎದ್ದು, ಮುಂದಿನ ಗಾಜಿಗೆ ಮುಖ ತಾಗುವಷ್ಟು ಬಾಗಿ ಎರಡೂ ಕೈ ಬೀಸಿದಳು. ಮಾಮ ಹಾರನ್ ಒತ್ತಿ ಹಿಡಿದರು. ಸ್ಟೀರಿಂಗಿನ ಹಿಂದೆ ನರ್ಸಕ್ಕ, ಪಕ್ಕದ ಸೀಟಿನಲ್ಲಿ ಯಾರೋ ಟೋಪಿ ಹಾಕಿದ ಮನುಷ್ಯ. ನರ್ಸಕ್ಕ ಅವಳನ್ನು ನೋಡಿದರು, ಗುರುತು ಹಿಡಿದರು, ನಕ್ಕರು. ಒಂದು ಕೈಯೆತ್ತಿ ಬೀಸಿ ಮುಂದೆ ಹೋಗಿಬಿಟ್ಟರು.

ಕಾರು ಪಕ್ಕದಲ್ಲೇ ಹಾದುಹೋಗುವಾಗ ಸಣ್ಣಿಗೆ ಕಂಡದ್ದು ಡ್ರೈವರ್ ಕಡೆಯ ಚಕ್ರ. ಅವಳೇ ರೆಂಚು ಹಾಕಿ ನೋಡಿದ್ದ ಚಕ್ರ. ಅದು ಒಂದಿಷ್ಟೂ ಅಲುಗದೆ ಅಂದವಾಗಿ ತಿರುಗುತ್ತಿತ್ತು. ಆ ಇನ್ನೊಂದು, ತಗ್ಗಿನ ಕಡೆಗಿದ್ದದ್ದು, ಕಾಣಿಸಲಿಲ್ಲ.

"ತಿರುಗಿಸಿ ಮಾಮ!"

"ಇಲ್ಲಿ ಹೇಗೆ ತಿರುಗಿಸಲಿ? ಹಿಂದೆ ಲಾರಿ ಇದೆ. ಮೇಲೆ ಅಗಲ ಜಾಗ ಸಿಗಬೇಕು."

ಸಣ್ಣಿ ಬಾಗಿಲು ತೆರೆದು ಹಾರಿದಳು. ವ್ಯಾನು ಇನ್ನೂ ತೆವಳುತ್ತಿತ್ತು. ಬಿದ್ದು, ಎದ್ದು, ರೆಂಚು ಹಿಡಿದುಕೊಂಡೇ ಇಳಿಜಾರಿನಲ್ಲಿ ಓಡಿದಳು. ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ ಏನೋ ಬೈದ. ಧೂಳು ಬಾಯಿಗೆ ಬಂತು. ಅವಳು ಓಡುತ್ತಿದ್ದದ್ದು ಕಾರನ್ನು ಹಿಡಿಯುತ್ತೇನೆಂದಲ್ಲ. ಸದ್ದು ಕೇಳಿಸಬಾರದು ಎಂದಿತ್ತು ಅವಳಿಗೆ. ಲೋಹ ನೆಲಕ್ಕೆ ಉಜ್ಜುವ ಸದ್ದು, ಗಾಜಿನ ಸದ್ದು. ಆ ಸದ್ದಿಗಿಂತ ಮೊದಲು ತಾನು ಅಲ್ಲಿರಬೇಕು.

ತಿರುವು ದಾಟಿದಳು.

ಕಾರು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಒಂದು ಕಡೆಗೆ ವಾಲಿತ್ತು, ಕಾಲು ಉಳುಕಿದವರು ನಿಂತ ಹಾಗೆ. ನರ್ಸಕ್ಕ ಹೊರಗೆ ನಿಂತು ಮುಂದಿನ ಚಕ್ರವನ್ನು ನೋಡುತ್ತಿದ್ದರು. ಚಕ್ರದ ಆಚೆ ಒಂದು ಗೇಣು ಮಣ್ಣು, ಅದರಾಚೆ ತಗ್ಗು.

ಸಣ್ಣಿ ಹತ್ತಿರ ಹೋಗಿ ನಿಂತಳು. ಚಕ್ರ ಸೊಟ್ಟಗೆ ಹೊರಕ್ಕೆ ಬಂದಿತ್ತು. ಒಂದು ಬೋಲ್ಟು ಮುರಿದಿತ್ತು. ಉಳಿದ ಎರಡು ನಟ್ಟುಗಳು ಬೋಲ್ಟಿನ ತುದಿಯಲ್ಲಿ ಹಲ್ಲು ಕಚ್ಚಿಕೊಂಡು ನೇತಾಡುತ್ತಿದ್ದವು. ಅವಳು ಮುಟ್ಟಲು ಕೈ ಚಾಚಿದಳು. ಮುಟ್ಟಿದರೆ ಕಳಚಿ ಬಿದ್ದೀತೆಂದು ಹಿಂದಕ್ಕೆಳೆದುಕೊಂಡಳು.

"ಸ್ಟೀರಿಂಗು ಆಗಿನಿಂದ ನಡುಗ್ತಾನೇ ಇತ್ತು," ಎಂದರು ನರ್ಸಕ್ಕ. ಅವರ ಧ್ವನಿ ವಿಚಿತ್ರವಾಗಿ ಸಮಾಧಾನವಾಗಿತ್ತು. "ಹೊಸ ಬ್ರೇಕಿಗೆ ಅಂದ್ಕೊಂಡೆ. ನೀನು ಕೈ ಬೀಸಿದೆ, ನಾನೂ ಬೀಸಿದೆ. ಸ್ವಲ್ಪ ಮುಂದೆ ಬಂದ್ಮೇಲೆ ಅನ್ನಿಸ್ತು, ಅದು ಸಿಕ್ಕಿದ ಸಂತೋಷದ ಮುಖ ಅಲ್ಲ. ಮನೇಲಿ ಯಾರಿಗಾದ್ರೂ ಕಾಯಿಲೆ ಜೋರಾದಾಗ ಬಾಗಿಲಿಗೆ ಬಂದು ನಿಂತಿರ್ತಾರಲ್ಲ, ಆ ಮುಖ. ದಿನಾ ನೋಡ್ತೀನಿ ನಾನು. ನಿಲ್ಸಿಬಿಟ್ಟೆ."

ಕಾರಿನೊಳಗಿಂದ ಟೋಪಿಯ ಮನುಷ್ಯ ಮಾತಾಡಿದ. ಕ್ವಾರಿಯ ಕಾವಲುಗಾರ, ಸಕ್ಕರೆ ಕಾಯಿಲೆಯವನು. ಅವನ ಪಾದ ಕಪ್ಪಾಗುತ್ತಿದೆಯೆಂದು ನರ್ಸಕ್ಕ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. "ನನ್ನ ಕಾಲು ಹೋಗುತ್ತೆ, ಹೋಗುತ್ತೆ ಅಂತ ದಾರಿಯುದ್ದಕ್ಕೂ ಹೆದರಿಸ್ತಿದ್ರು," ಎಂದ. "ನೋಡಿದ್ರೆ ಮೊದಲು ಗಾಡಿದೇ ಹೋಯ್ತು."

ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಅವನ ಕಿಟಕಿಯಿಂದ ನೋಡಿದರೆ ಕೆಳಗೆ ತಗ್ಗೊಂದೇ ಕಾಣುತ್ತಿತ್ತು.

"ಅಕ್ಕ, ತಪ್ಪು ನನ್ನದು," ಎಂದಳು ಸಣ್ಣಿ. "ಭಾವ ಈ ಚಕ್ರ ಬಿಗಿ ಮಾಡು ಅಂತ ಹೇಳಿದ್ರು. ನಾನು ಆ ಕಡೇದು ಅಂದ್ಕೊಂಡೆ. ಅದನ್ನ ನೋಡಿ ಎಲ್ಲ ಸರಿ ಇದೆ ಅಂದ್ಬಿಟ್ಟೆ."

ನರ್ಸಕ್ಕ ಅವಳನ್ನೇ ನೋಡಿದರು. ಸಮಾಧಾನವೆಲ್ಲ ಆಗ ಹರಿದುಹೋಯಿತು.

"ಧೈರ್ಯವಾಗಿ ಹೋಗಿ ಅಂದೆಯಲ್ಲೇ!" ಎಂದರು. "ಧೈರ್ಯವಾಗಿ ಹೋಗಿ ಅಂದೆ! ನಾನು ಯಾರಿಗೋ ಒಂದು ಗುಳಿಗೆ ಕೊಡಬೇಕಾದ್ರೂ ಹೆಸರು ಎರಡು ಸಲ ಓದ್ತೀನಿ. ಈ ಕಣ್ಣಿಗಾ, ಆ ಕಣ್ಣಿಗಾ ಅಂತ ರೋಗಿ ಬಾಯಲ್ಲೇ ಹೇಳಿಸಿ ಔಷಧಿ ಬಿಡ್ತೀನಿ. ನಿನಗೆ ಗಾಡಿ ಸುತ್ತಿ ಆ ಕಡೆ ಬರೋಕೆ ಆಗ್ಲಿಲ್ಲ."

ಸಣ್ಣಿ ತಲೆ ತಗ್ಗಿಸಿದಳು.

ಮಾಮ ವ್ಯಾನು ತಿರುಗಿಸಿಕೊಂಡು ಬರುವ ಹೊತ್ತಿಗೆ ನರ್ಸಕ್ಕ ಕಣ್ಣೊರೆಸಿಕೊಂಡು ಮತ್ತೆ ನರ್ಸಾಗಿದ್ದರು. ಅವರೂ ಮಾಮನೂ ಸೇರಿ ಕಾವಲುಗಾರನನ್ನು ಡ್ರೈವರ್ ಕಡೆಯ ಬಾಗಿಲಿನಿಂದ ಇಳಿಸಿ ವ್ಯಾನಿಗೆ ಹತ್ತಿಸಿದರು. ಸಣ್ಣಿ ಕೈ ಕೊಡಲು ಹೋದಳು. "ನೀನು ಬಿಡು," ಎಂದರು ನರ್ಸಕ್ಕ. ಬಾಗಿಲು ಹಾಕಿಕೊಂಡರು. ಮಾಮ ಒಮ್ಮೆ ಅವಳ ಕಡೆ ನೋಡಿ, ನೀರಿನ ಬಾಟಲಿಯನ್ನು ಕಿಟಕಿಯಿಂದ ಕೊಟ್ಟು, ಕೆಳಗಿಳಿದ ಮೇಲೆ ಭಾವನಿಗೆ ಫೋನ್ ಮಾಡುತ್ತೇನೆಂದು ಹೇಳಿ ಹೊರಟರು.

ಭಾವ ಬರುವವರೆಗೆ ಅವಳು ಕಾರಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಇಷ್ಟು ಹೊತ್ತು ಇದ್ದ ಭಯ ಇಳಿದಿತ್ತು, ಅದರ ಜಾಗಕ್ಕೆ ಇನ್ನೊಂದು ಬಂದಿತ್ತು. ನಾಳೆಯಿಂದ ಭಾವ ಅವಳನ್ನು ಮತ್ತೆ ಫೋನಿನ ಮೇಜಿಗೆ ಕಳಿಸುತ್ತಾರೆ. ಕಳಿಸಿದರೆ ತಪ್ಪೆನ್ನುವ ಹಾಗಿಲ್ಲ. ನಡುನಡುವೆ ಎದ್ದು ತಗ್ಗಿನೊಳಗೆ ಬಗ್ಗಿ ನೋಡುತ್ತಿದ್ದಳು, ಏನೂ ಬಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳುವವಳಂತೆ. ಕೆಳಗೆ ಮುಳ್ಳುಗಿಡಗಳಿದ್ದವು, ಯಾರೋ ಎಸೆದ ಹಳೆಯ ಟಯರು ಒಂದಿತ್ತು.

ಭಾವ ಟೋಯಿಂಗ್ ಲಾರಿ ನಿಲ್ಲಿಸಿ ಇಳಿದು ನೇರವಾಗಿ ಚಕ್ರದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ಮುರಿದ ಬೋಲ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ತಗ್ಗಿನ ಕಡೆ ನೋಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

"ನಿಯರ್ ಅಂದ್ರೆ ಏನಂದ್ಕೊಂಡಿದ್ದೆ?" ಎಂದರು ಕೊನೆಗೆ.

"ಡ್ರೈವರಿಗೆ ಹತ್ತಿರ."

"ಇಷ್ಟು ದಿನವೂ?"

"ಇಷ್ಟು ದಿನವೂ."

"ಕೇಳಬೇಕಿತ್ತು."

"ಕೇಳಿದ್ರೆ ಸಿಡುಕ್ತೀರಿ ಭಾವ." ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಭಾವನಿಗೆ ಎದುರಾಡಿದ್ದು ಅದೇ ಮೊದಲು.

ಭಾವ ತಲೆಯೆತ್ತಲಿಲ್ಲ. "ಹ್ಞೂಂ," ಎಂದರು. ಮತ್ತೆ ಒಂದು ಸಲ, "ಹ್ಞೂಂ." ಆಮೇಲೆ ಎದ್ದು ಮಂಡಿ ಕೊಡವಿಕೊಂಡರು. "ಬಿಚ್ಚಿದವನೇ ಬಿಗಿ ಮಾಡಬೇಕು. ನಾನು ಬಿಟ್ಟು ಹೋಗಿದ್ದೇ ಮೊದಲ ತಪ್ಪು. ಕೂಗಿ ಹೇಳಿದ್ದು ಎರಡನೇದು. ನಿನ್ನದು ಅದರ ಮೇಲೆ ಬಂದು ಕೂತಿದ್ದು."

"ಇನ್ನು ಮೇಲೆ ಎಡ, ಬಲ ಅಂದ್ಬಿಡೋಣವಾ?"

"ಯಾರ ಎಡ? ಗಾಡಿ ಮುಂದೆ ನಿಂತು ಬಾನೆಟ್ ಎತ್ತಿದವನಿಗೆ ಬೇರೆ, ಒಳಗೆ ಕೂತವನಿಗೆ ಬೇರೆ. ಆ ಗೊಂದಲ ಬೇಡ ಅಂತಾನೇ ಅವರು ಆ ಮಾತು ಮಾಡ್ಕೊಂಡಿದ್ದು."

"ಹಾಗಾದ್ರೆ ಡ್ರೈವರ್ ಕಡೆ, ಫುಟ್‌ಪಾತ್ ಕಡೆ ಅಂತ."

ಭಾವ ರಸ್ತೆಯ ಅಂಚಿನ ಒಂದು ಗೇಣು ಮಣ್ಣನ್ನೂ ಅದರಾಚೆಯ ತಗ್ಗನ್ನೂ ತೋರಿಸಿದರು. "ಇಲ್ಲಿ ಎಲ್ಲಿದೆ ಫುಟ್‌ಪಾತು?"

ಸಣ್ಣಿಗೆ ನಗು ಬಂತು. ನಗಲು ಹೋದದ್ದು ಅಳುವಾಯಿತು, ನಿಲ್ಲಿಸಲಾಗಲಿಲ್ಲ. ಭಾವ ಏನು ಮಾಡಬೇಕೆಂದು ತಿಳಿಯದೆ ಆ ಕಡೆ ತಿರುಗಿ, ಕಾರಿಗೆ ಸರಪಳಿ ಹಾಕುವ ಕೆಲಸಕ್ಕೆ ಕೈಹಚ್ಚಿದರು. ಅವಳು ಮುಖ ಒರೆಸಿಕೊಂಡು ಬಂದು ಸರಪಳಿಯ ಇನ್ನೊಂದು ತುದಿ ಹಿಡಿದಾಗ, ಬೇಡ ಎನ್ನಲಿಲ್ಲ.

ಕಾರು ರಿಪೇರಿಯಾದ ದಿನ ನರ್ಸಕ್ಕ ಬಂದು ಅತ್ತೆಯ ಹತ್ತಿರ ಮಾತ್ರ ಮಾತಾಡಿ ತೆಗೆದುಕೊಂಡು ಹೋದರು. ಭಾವ ಅವಳನ್ನು ಫೋನಿನ ಮೇಜಿಗೆ ಕಳಿಸಲಿಲ್ಲ. ಆದರೆ ಸಣ್ಣಿಗೆ ಬಹಳ ದಿನ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೊರಟು ನಿಂತ ಗಾಡಿಯನ್ನು ತಡೆದು ಎಲ್ಲ ಚಕ್ರಕ್ಕೂ ರೆಂಚು ಹಾಕುವಳು, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಗಿರಾಕಿಗಳು ಗೊಣಗಿದರೆ ಅತ್ತೆಯೇ ಗದರಿಸುತ್ತಿದ್ದರು: "ಅವಳು ನೋಡೋವರೆಗೂ ನಿಂತ್ಕೊಳ್ಳಿ. ಅವಸರ ಇದ್ರೆ ನಡ್ಕೊಂಡು ಹೋಗಿ."

ನರ್ಸಕ್ಕ ಮತ್ತೆ ಬಂದದ್ದು ಒಂದು ಪಂಕ್ಚರಿಗೆ, ಎಷ್ಟೋ ತಿಂಗಳಾದ ಮೇಲೆ. ಭಾವ ಊಟಕ್ಕೆ ಹೋಗಿದ್ದರು. ನರ್ಸಕ್ಕ ಒಂದು ಕ್ಷಣ ಬಾಗಿಲಲ್ಲೇ ನಿಂತರು. ಹಿಂತಿರುಗಿ ಹೋಗುತ್ತಾರೆಂದುಕೊಂಡಳು ಸಣ್ಣಿ.

"ಕಾವಲುಗಾರನ ಒಂದು ಬೆರಳು ತೆಗೀಬೇಕಾಯ್ತು," ಎಂದರು ನರ್ಸಕ್ಕ. "ಪಾದ ಉಳೀತು."

"ಒಳ್ಳೇದಾಯ್ತು ಅಕ್ಕ."

ನರ್ಸಕ್ಕ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು. "ಹಿಂದಿನ ಚಕ್ರ. ಯಾವ ಕಡೇದು ಅಂತ ಬಾಯಲ್ಲಿ ಹೇಳಲ್ಲ ನಾನು. ಬಾ, ಮುಟ್ಟಿ ತೋರಿಸ್ತೀನಿ."

ಮುಟ್ಟಿ ತೋರಿಸಿದರು. ಆಮೇಲೆ ಅತ್ತೆಯ ಪಕ್ಕದ ಸ್ಟೂಲನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಕೆಲಸ ಮುಗಿಯುವವರೆಗೆ ಸಣ್ಣಿಯ ಕೈಯನ್ನೇ ನೋಡುತ್ತಿದ್ದರು. ಸಣ್ಣಿ ಚಕ್ರವನ್ನು ಇನ್ನಷ್ಟು ಅವರ ಕಡೆಗೆ ತಿರುಗಿಸಿಕೊಂಡು ಕೆಲಸ ಮಾಡಿದಳು.